ಅಗಲ ಇಲ್ಲದ ಗೆರೆ

ನನ್ನ ಮೊಮ್ಮಗಳಿಗೆ ಬಾಯಿಬಿಟ್ಟು ಓದದಿದ್ದರೆ ಏನೂ ತಲೆಗೆ ಹೋಗುವುದಿಲ್ಲ. ಆ ವರ್ಷ ಅವಳು ಏಳನೆಯ ತರಗತಿ. ಸಂಜೆ ಶಾಲೆಯಿಂದ ಬಂದು ಚಾ ಕುಡಿದವಳೇ ಜಗಲಿಯ ಮೆಟ್ಟಿಲಲ್ಲಿ ಕೂತು ರೇಖಾಗಣಿತ ಬಾಯಿಪಾಠ ಮಾಡುತ್ತಿದ್ದಳು. ನಾನು ಬೀಡಿ ಕಟ್ಟುವ ಮೊರವನ್ನು ಮಡಿಲಲ್ಲಿಟ್ಟುಕೊಂಡು ಅವಳ ಹಿಂದೆ ಕೂರುತ್ತಿದ್ದೆ. ನನ್ನ ಗಂಡ ಒಳಗೆ ಮಂಚದಲ್ಲಿ ಮಲಗಿರುತ್ತಿದ್ದರು. ಹಾಗಾಗಿ ಅವಳ ಪಾಠ ಮೂರು ಜನರಿಗೂ ಆಗುತ್ತಿತ್ತು, ಬೇಕಿದ್ದರೂ ಬೇಡದಿದ್ದರೂ.

"ಬಿಂದು. ಬಿಂದುವಿಗೆ ಉದ್ದ ಇಲ್ಲ, ಅಗಲ ಇಲ್ಲ, ದಪ್ಪ ಇಲ್ಲ. ಅದಕ್ಕೆ ಸ್ಥಾನ ಮಾತ್ರ ಉಂಟು."

"ಹಾಗಾದ್ರೆ ಅದು ನಾನೇ," ಎಂದು ಒಳಗಿನಿಂದ ಅಜ್ಜ ಹೇಳುತ್ತಿದ್ದರು. "ಈ ಮಂಚವೇ ನನ್ನ ಸ್ಥಾನ. ಬರಕೊ."

"ಅಜ್ಜ, ಸುಮ್ನಿರಿ. ರೇಖೆ. ರೇಖೆಗೆ ಉದ್ದ ಉಂಟು, ಅಗಲ ಇಲ್ಲ. ಅದು ಎರಡೂ ಕಡೆಗೆ ಕೊನೆ ಇಲ್ಲದೆ ಹೋಗ್ತದೆ. ಕೋನ. ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣಗಳಿಂದ ಕೋನ ಆಗ್ತದೆ. ಆ ಬಿಂದುವಿಗೆ ಶೃಂಗ ಅಂತ ಹೆಸರು. ಲಂಬಕೋನಕ್ಕಿಂತ ಕಡಿಮೆ ಇದ್ದರೆ ಲಘುಕೋನ, ಹೆಚ್ಚಿದ್ದರೆ ವಿಶಾಲಕೋನ."

"ವಿಶಾಲ ಕೋಣವಾ? ಯಾವ ಕಂಬಳದ್ದು ಮಾರಾಯ್ತಿ? ಶೃಂಗ ಬೇರೆ ಉಂಟು ಅಂತಿ. ಹಾಗಾದ್ರೆ ಕೊಂಬಿನ ಕೋಣವೇ."

ಅವಳು ಪುಸ್ತಕ ಮುಚ್ಚಿ ಸಿಟ್ಟು ಮಾಡಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪುನಃ ಶುರು.

ನಾನು ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ. ರೇಖಾಗಣಿತ ನನ್ನವರೆಗೆ ಬರುವಷ್ಟರಲ್ಲಿ ನಾನು ಶಾಲೆ ಬಿಟ್ಟಾಗಿತ್ತು. ಓದಲಿಕ್ಕೆ, ಬರೆಯಲಿಕ್ಕೆ ಬರುತ್ತದೆ, ಅಷ್ಟು ಸಾಕು. ಮನೆಯಲ್ಲಿ ನಾವು ಆಡುವುದು ತುಳು. ಕನ್ನಡ ಶಾಲೆಗೆ, ಕಚೇರಿಗೆ, ಮತ್ತೆ ಇಂಥ ಬರವಣಿಗೆಗೆ. ಬಿಂದು, ರೇಖೆ, ಶೃಂಗ ಎಂಬುದೆಲ್ಲ ನನಗೆ ಪುಸ್ತಕದವರ ಮಾತು. ಅವು ನಮ್ಮ ಮನೆಯ ಬಾಗಿಲಿಗೆ ಬರುತ್ತವೆ ಎಂದು ನಾನು ಎಣಿಸಿರಲಿಲ್ಲ.

ಮೊಮ್ಮಗಳ ತಾಯಿ, ಅಂದರೆ ನನ್ನ ಮಗಳು, ಮೂಡುಬಿದಿರೆಯ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಬರುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಮಗುವಿನ ಅಪ್ಪ ಬಂಟ್ವಾಳದ ಕಡೆಯವನು. ಆ ಕಥೆ ಇಲ್ಲಿ ಬೇಡ.

ನಮ್ಮ ಮನೆ ವೇಣೂರಿನಿಂದ ಗುರುವಾಯನಕೆರೆಗೆ ಹೋಗುವ ಬದಿಯಲ್ಲಿ, ರಸ್ತೆಯಿಂದ ಸ್ವಲ್ಪ ಕೆಳಗೆ. ರಸ್ತೆಗೂ ನಮಗೂ ನಡುವೆ ಇರುವುದು ಮಾಸ್ಟ್ರ ಜಾಗ. ಆ ಜಾಗದ ಒಂದು ಬದಿಯಿಂದ ನಮ್ಮ ದಾರಿ. ನಾನು ಮದುವೆಯಾಗಿ ಬಂದದ್ದು ಅದೇ ದಾರಿಯಲ್ಲಿ. ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋದದ್ದೂ ಅದರಲ್ಲೇ. ಯಾರದ್ದು, ಎಷ್ಟು ಅಗಲ ಎಂದು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಬಂದಿರಲಿಲ್ಲ.

ಮಾಸ್ಟ್ರು ಅಂದರೆ ಗಣಿತದ ಮಾಸ್ಟ್ರು. ಈಗ ನಿವೃತ್ತರು. ನನ್ನ ಮಗಳಿಗೂ ಅವರೇ ಕಲಿಸಿದ್ದು. ನಿವೃತ್ತರಾದ ಮೇಲೂ ಅವರಿಗೆ ಸುಮ್ಮನೆ ಕೂರಲಿಕ್ಕೆ ಆಗುತ್ತಿರಲಿಲ್ಲ. ಸಂಜೆ ಹತ್ತಿರದ ಮಕ್ಕಳನ್ನೆಲ್ಲ ತಮ್ಮ ಜಗಲಿಗೆ ಕರೆದು, ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿ ಕಲಿಸುತ್ತಿದ್ದರು. ನನ್ನ ಮೊಮ್ಮಗಳೂ ವಾರದಲ್ಲಿ ಕೆಲವು ದಿನ ಹೋಗುತ್ತಿದ್ದಳು. ಅವರು ಒಳ್ಳೆಯ ಮಾಸ್ಟ್ರು. ಇದನ್ನು ನಾನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಹೇಳಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಮಕ್ಕಳು "ಗೆರೆ" ಅಂದರೆ ಅವರು ಬಿಡುತ್ತಿರಲಿಲ್ಲ. "ಗೆರೆ ಅಲ್ಲ, ರೇಖೆ ಅನ್ನು. ವ್ಯಾಖ್ಯೆ ಹೇಳು. ವ್ಯಾಖ್ಯೆ ಗೊತ್ತಿಲ್ಲದವನಿಗೆ ಗಣಿತ ಇಲ್ಲ," ಎನ್ನುತ್ತಿದ್ದರು. ಒಂದು ಶಬ್ದ ಆಚೆ ಈಚೆ ಆದರೂ ಪುನಃ ಮೊದಲಿನಿಂದ ಹೇಳಿಸುತ್ತಿದ್ದರು.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಹಳೆಯದು. ಮದ್ದು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ತೆಗೆದುಕೊಳ್ಳದ ಜನ. ಮೊದಲು ಎಡಗಾಲಿನ ಬೆರಳುಗಳನ್ನು ತೆಗೆದರು. ಆಮೇಲೆ ಮೂತ್ರಪಿಂಡ ಹೋಯಿತು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದು ತಪ್ಪಿದರೆ ಮುಖ ಊದುತ್ತಿತ್ತು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ರಾತ್ರಿಯಿಡೀ ಕೂತೇ ಇರಬೇಕಾಗುತ್ತಿತ್ತು. "ಎರಡು ಸಲ ತಪ್ಪಿದರೆ ನಾನು ಜವಾಬ್ದಾರ ಅಲ್ಲ," ಎಂದು ಡಾಕ್ಟರು ಮೊದಲೇ ಹೇಳಿದ್ದರು.

ನಮ್ಮ ಊರಿನ ಒಬ್ಬ ಆಟೋದವನನ್ನು ಗೊತ್ತು ಮಾಡಿದ್ದೆವು. ನಡುವಯಸ್ಸಿನವ, ಮಾತು ಹೆಚ್ಚು, ಆದರೆ ಸಮಯಕ್ಕೆ ಬರುವವ. ಆಟೋವನ್ನು ಆ ದಾರಿಯಲ್ಲಿ ಕೆಳಗಿಳಿಸಿ ನಮ್ಮ ಅಂಗಳದ ಬದಿಗೇ ತಂದು ನಿಲ್ಲಿಸುತ್ತಿದ್ದ. ನಾನು ಒಂದು ಕಡೆ, ಅವ ಒಂದು ಕಡೆ. ಹಿಡಿದು ಕೂರಿಸುವುದು, ಹೋಗುವುದು. ಅದು ಕಷ್ಟವಾದರೂ ಆಗುವ ಕೆಲಸವೇ ಆಗಿತ್ತು.

ಆಮೇಲೆ ಮಾಸ್ಟ್ರು ರಸ್ತೆ ಬದಿಯಲ್ಲಿ ಮಗನಿಗೆ ಹೊಸ ಮನೆ ಕಟ್ಟಿಸಲಿಕ್ಕೆ ಶುರು ಮಾಡಿದರು. ಮಗ ದುಬೈಯಲ್ಲಿದ್ದಾನೆ. ಮನೆಯ ಗೋಡೆ ಏಳುವ ಮೊದಲೇ ರಸ್ತೆಯ ಉದ್ದಕ್ಕೂ ಕೆಂಪುಕಲ್ಲಿನ ಪಾಗಾರ, ಅಂದರೆ ಕಂಪೌಂಡಿನ ಗೋಡೆ, ಎದ್ದಿತು. ನಮ್ಮ ದಾರಿ ರಸ್ತೆಗೆ ಸೇರುವ ಕಡೆ ಏನು ಮಾಡುತ್ತಾರೆ ಎಂದು ನೋಡುತ್ತಿದ್ದೆ. ಅಲ್ಲಿ ತಡಮೆ ಇಟ್ಟರು.

ತಡಮೆ ನಮ್ಮ ಕಡೆಯ ಹಳೆಯ ಕ್ರಮ. ಮನುಷ್ಯ ದಾಟಬೇಕು, ದನ ದಾಟಬಾರದು. ಅದಕ್ಕೆ ಬೇಲಿಯಲ್ಲಿ ಬಿಡುವ ಕಂಡಿ ಅದು. ಹಿಂದೆ ಕವಲಿರುವ ಮರದ ಗೂಟ ನೆಡುತ್ತಿದ್ದರು. ಈಗ ಪಾಗಾರದಲ್ಲೇ ಬಿಡುತ್ತಾರೆ. ಮೇಲೆ ಅಗಲ, ಕೆಳಗೆ ಬರುಬರುತ್ತಾ ಕಿರಿದಾಗಿ ಒಂದು ಪಾದ ಹಿಡಿಯುವಷ್ಟು. ಆ ಬುಡವೂ ನೆಲದಿಂದ ಮೊಣಕಾಲಿನ ಎತ್ತರದಲ್ಲಿ. ಒಂದು ಕಾಲೆತ್ತಿ ಆಚೆಗೆ ಹಾಕಿ, ಕಲ್ಲು ಹಿಡಿದು, ಇನ್ನೊಂದು ಕಾಲನ್ನು ಎಳೆದುಕೊಳ್ಳಬೇಕು. ಎರಡು ಕಾಲು ನೆಟ್ಟಗಿದ್ದವರಿಗೆ ಅದೇನೂ ಅಲ್ಲ.

ಆ ದಿನವೇ ಮಾಸ್ಟ್ರಲ್ಲಿಗೆ ಹೋದೆ.

"ಮಾಸ್ಟ್ರೇ, ನೀವು ತಡಮೆ ಇಟ್ಟರೆ ಇವರು ದಾಟುವುದು ಹೇಗೆ? ಆಟೋ ಬರ್ಬೇಕಲ್ಲ."

"ಅಕ್ಕ, ನಾನು ದಾರಿ ಬಂದ್ ಮಾಡಿದ್ದೇನಾ? ನೀವೇ ಹೇಳಿ. ನಡೆದು ಹೋಗ್ಲಿಕ್ಕೆ ಬಿಟ್ಟಿದ್ದೇನಲ್ಲ."

"ನಡೆಯುವ ಕಾಲು ಇದ್ದರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?"

"ನೋಡಿ, ನನಗೂ ಬೇಜಾರು ಉಂಟು. ಆದ್ರೆ ಲೆಕ್ಕ ಲೆಕ್ಕವೇ. ಗ್ರಾಮದ ನಕ್ಷೆಯಲ್ಲಿ ನಿಮ್ಮ ದಾರಿ ಅಂತ ಇರುವುದು ಚುಕ್ಕೆ ಚುಕ್ಕೆಯ ಒಂದೇ ರೇಖೆ. ಒಂದು ರೇಖೆ ಅಂದ್ರೆ ಕಾಲುದಾರಿ. ಬಂಡಿ ಹೋಗುವ ದಾರಿಯಾದ್ರೆ ಎರಡು ರೇಖೆ ಇರ್ತದೆ. ರೇಖೆಗೆ ಅಗಲ ಉಂಟಾ? ಇಲ್ಲ. ಅಗಲ ಇಲ್ಲದ್ದಕ್ಕೆ ನಾನು ಎಲ್ಲಿಂದ ಅಗಲ ಕೊಡುವುದು?"

ಅವರು ತಮಾಷೆಗೆ ಹೇಳಿದ್ದಲ್ಲ. ಮಕ್ಕಳಿಗೆ ಹೇಳುವ ಹಾಗೆಯೇ ಹೇಳಿದರು, ಬೆರಳಿನಲ್ಲಿ ಗಾಳಿಯಲ್ಲಿ ಒಂದು ಗೆರೆ ಎಳೆದು. ಸಿಟ್ಟು ಬಂದರೆ ನನಗೆ ತುಳುವಿನಲ್ಲಿ ಬೈಯಲಿಕ್ಕೆ ಗೊತ್ತು. ವ್ಯಾಖ್ಯೆಗೆ ಬೈಯುವುದು ಹೇಗೆ?

ಬೆಳ್ತಂಗಡಿಗೆ ಹೋಗಿ ತಾಲೂಕು ಕಚೇರಿಯಲ್ಲಿ ನಕ್ಷೆ ಕೇಳಿದೆ. ಅಲ್ಲಿಯ ಗುಮಾಸ್ತ ಕಾಗದ ಬಿಡಿಸಿ ತೋರಿಸಿದ. ಪಾಪದವನೇ. ನಮ್ಮ ಮನೆ ಎಲ್ಲಿ, ರಸ್ತೆ ಎಲ್ಲಿ ಎಂದು ಬೆರಳಿಟ್ಟು ಹೇಳಿದ. ಮಾಸ್ಟ್ರು ಹೇಳಿದ್ದು ಸುಳ್ಳಲ್ಲ. ಇರುವೆ ಸಾಲು ಹೋದ ಹಾಗೆ ಚುಕ್ಕೆಗಳು, ಒಂದೇ ಸಾಲು.

"ಇದು ಎಷ್ಟು ಅಡಿ?" ಎಂದು ಕೇಳಿದೆ.

"ಇದರಲ್ಲಿ ಅಡಿ ಬರೆದಿಲ್ಲ ಅಜ್ಜಿ. ದಾರಿ ಉಂಟು ಅಂತ ಮಾತ್ರ ಉಂಟು."

"ಆಟೋ ಹೋಗ್ತಿತ್ತು."

"ಹೋಗ್ತಿದ್ದದ್ದು ಬೇರೆ, ನಕ್ಷೆಯಲ್ಲಿ ಇರುವುದು ಬೇರೆ. ಕೋರ್ಟಿಗೆ ಹೋಗ್ಬಹುದು. ಆದ್ರೆ ಅದು ಮುಗಿಯುವಾಗ..." ಎಂದು ಅವ ನನ್ನ ಮುಖ ನೋಡಿ ನಿಲ್ಲಿಸಿದ. ಯಾರಿಗಾಗಿ ದಾರಿ ಎಂದು ನಾನು ಮೊದಲೇ ಹೇಳಿದ್ದೆ.

ಬಸ್ಸಿನಲ್ಲಿ ಬರುವಾಗ ಒಂದೇ ಯೋಚನೆ. ಮನೆಗೆ ಬಂದವಳೇ ಮೊಮ್ಮಗಳನ್ನು ಕರೆದೆ.

"ನಿನ್ನ ಪುಸ್ತಕ ತೆಗಿ. ಗೆರೆಗೆ ಅಗಲ ಉಂಟಾ ಇಲ್ವಾ ನೋಡು."

"ನೋಡುವುದೆಂತ ಅಜ್ಜಿ? ಇಲ್ಲ. ಮತ್ತೆ ಅದು ಗೆರೆ ಅಲ್ಲ, ರೇಖೆ."

"ಸರಿಯಾಗಿ ನೋಡು. ಸ್ವಲ್ಪವಾದ್ರೂ ಇರ್ಬೇಕು. ಪೆನ್ಸಿಲಿನಲ್ಲಿ ಎಳೆದರೆ ಪೆನ್ಸಿಲಿನಷ್ಟಾದ್ರೂ ಇರ್ಬೇಕಲ್ಲ."

"ಪೆನ್ಸಿಲಿನಲ್ಲಿ ಎಳೆದದ್ದು ರೇಖೆಯ ಚಿತ್ರ ಅಂತೆ. ನಿಜವಾದ ರೇಖೆ ಕಣ್ಣಿಗೆ ಕಾಣುವುದಿಲ್ಲ. ಸರ್ ಹೇಳಿದ್ದಾರೆ."

ಅವಳ ತಲೆಗೆ ಒಂದು ಮೊಟಕಿದೆ. ಅವಳಿಗೆ ಯಾಕೆ ಪೆಟ್ಟು ಬಿತ್ತೆಂದು ಗೊತ್ತಾಗಲಿಲ್ಲ. ಉತ್ತರ ಸರಿಯಾಗಿಯೇ ಹೇಳಿದ್ದಳು. ಒಳಗಿನಿಂದ ಇವರು, "ಅದಕ್ಕೆ ಯಾಕೆ ಹೊಡೀತಿ? ಅಗಲ ಇಲ್ಲದ ದಾರಿಯಲ್ಲಿ ಹೋಗ್ಲಿಕ್ಕೆ ನಾನು ಸ್ವಲ್ಪ ಸಪೂರ ಆದ್ರೆ ಆಯ್ತು," ಎಂದರು. ಆಗಲೇ ಅವರ ಮೈಯಲ್ಲಿ ಊದಿದ್ದು ಬಿಟ್ಟರೆ ಎಲುಬು ಮಾತ್ರ ಇದ್ದದ್ದು.

ಮೊದಲನೆಯ ಸಲ ತಡಮೆ ದಾಟಿಸಿದ್ದನ್ನು ಹೇಳುತ್ತೇನೆ. ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಇವರನ್ನು ಕೂರಿಸಿ, ನಾನೂ ಆಟೋದವನೂ ಹಿಡಿದು ಏರಿನಲ್ಲಿ ತಂದೆವು. ಪಾಗಾರದ ಹತ್ತಿರ ಕುರ್ಚಿ ಇಳಿಸಿದೆವು. ಕುರ್ಚಿ ಆ ಕಂಡಿಯಲ್ಲಿ ತೂರುವುದಿಲ್ಲ. ಪಾಗಾರದ ಮೇಲಿಂದ ಎತ್ತುವ ಶಕ್ತಿ ನನ್ನ ಕೈಯಲ್ಲಿಲ್ಲ. ಆಟೋದವ ಆಚೆಗೆ ದಾಟಿ ನಿಂತು ಇವರ ಕಂಕುಳಿಗೆ ಕೈ ಹಾಕಿದ. ನಾನು ಈಚೆಯಿಂದ ಸೊಂಟ ಹಿಡಿದು ದೂಡಿದೆ. ಅಕ್ಕಿಮುಡಿಯನ್ನು ಗಾಡಿಗೆ ಏರಿಸುವ ಹಾಗೆ. ಸೊಂಟದವರೆಗೆ ಬಂತು, ಕಾಲು ಬಾಕಿ. ಬಲಗಾಲು ಹೇಗೋ ಆಚೆಗೆ ಹೋಯಿತು. ಎಡಗಾಲು ಕಂಡಿಯ ಬುಡದಲ್ಲಿ, ಎರಡು ಕಲ್ಲು ಸೇರುವ ಆ ಸಂದಿನಲ್ಲಿ ಸಿಕ್ಕಿಕೊಂಡಿತು.

"ಎಳೀಬೇಡ! ಎಳೀಬೇಡ ಮಾರಾಯ!"

"ಅಣ್ಣ, ಎಳೆಯದಿದ್ರೆ ಇಲ್ಲೇ ಕೂರ್ಬೇಕಾಗ್ತದೆ ನೀವು, ದೈವದ ಕಲ್ಲಿನ ಹಾಗೆ," ಎಂದ ಆಟೋದವ. ನಗಿಸಲಿಕ್ಕೆ ಹೇಳಿದ್ದು. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಎಳೆಯದೆ ಬೇರೆ ದಾರಿ ಇರಲಿಲ್ಲ. ಹೊಸದಾಗಿ ಕೆತ್ತಿದ ಕೆಂಪುಕಲ್ಲು, ಅದರ ಮೈ ತುರಿಮಣೆಯ ಹಾಗೆ. ಕಣಕಾಲಿನ ಚರ್ಮ ಸುಲಿದು ಬಂತು. ನಾನು ನನ್ನ ಸೆರಗಿನಲ್ಲಿ ಕಟ್ಟಿದೆ. ಬೇರೆಯವರಿಗಾದರೆ ಅರಶಿನ ಹಚ್ಚಿದರೆ ಮಾಯುವ ಗಾಯ. ಸಕ್ಕರೆ ಇದ್ದವರಿಗೆ ಹಾಗಲ್ಲ.

ಮತ್ತೆ ಮಾಸ್ಟ್ರಲ್ಲಿಗೆ ಹೋದೆ. ಗಾಯದ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತರು, ಅಯ್ಯೋ ಎಂದರು. ಆಮೇಲೆ, "ಜಾಗ ಈಗ ನನ್ನ ಹೆಸರಿನಲ್ಲಿಲ್ಲ ಅಕ್ಕ, ಮಗನ ಹೆಸರಿನಲ್ಲಿ. ಅವ ಫೋನಿನಲ್ಲಿ ಒಪ್ಪುವುದಿಲ್ಲ. ಒಮ್ಮೆ ದಾರಿ ಬಿಟ್ರೆ ಮತ್ತೆ ಅದು ರೋಡೇ ಆಗ್ತದೆ ಅಂತ ಅವನ ಹೆದರಿಕೆ. ಗೃಹಪ್ರವೇಶಕ್ಕೆ ಬರ್ತಾನಲ್ಲ, ಆಗ ಕೂತು ಮಾತಾಡುವ," ಎಂದರು.

"ಗೃಹಪ್ರವೇಶದವರೆಗೆ ಇವರ ಕಾಲು ಕಾಯ್ತದಾ?"

ಅವರು ಒಳಗಿಂದ ನನಗೆ ಕುಡಿಯಲಿಕ್ಕೆ ಮಜ್ಜಿಗೆ ತರಿಸಿದರು. ಕುಡಿಯದೆ ಬಂದೆ.

ಮೊಮ್ಮಗಳು ಆಗಲೂ ಅವರ ಜಗಲಿಗೆ ಪಾಠಕ್ಕೆ ಹೋಗುತ್ತಿದ್ದಳು. ನಾನು ಹೋಗಬೇಡ ಎನ್ನಲಿಲ್ಲ. ಒಂದು ಸಂಜೆ ಅವಳು ಬೇಗ ಬಂದಳು. ಮುಖ ಒಂದು ಥರ ಇತ್ತು.

"ಎಂತ ಆಯ್ತು?"

"ಸರ್ ನೆಲದಲ್ಲಿ ಒಬ್ಬೊಬ್ಬರಿಂದ ಕೋನ ಬರೆಸಿದ್ರು. ನನ್ನ ಸರದಿಗೆ ನಾನು ತಡಮೆ ಬರ್ದೆ."

"ತಡಮೆಯಾ?"

"ಪಾಗಾರ ಬರ್ದು, ಅದರ ನಡುವೆ ತಡಮೆ. ಕೆಳಗೆ ಶೃಂಗ ಅಂತ ಗುರ್ತು ಮಾಡಿದೆ. ಎಲ್ಲರೂ ನಗಾಡಿದ್ರು. ಸರ್ ನಗಾಡ್ಲಿಲ್ಲ."

"ಬೈದ್ರಾ?"

"ಇಲ್ಲ. ತುಂಬಾ ಹೊತ್ತು ನೋಡಿದ್ರು. ಆಮೇಲೆ, ಚಿತ್ರ ಸರಿ ಉಂಟು, ಯಾವ ಕೋನ ಅಂತ ಹೆಸರು ಬರಿ ಅಂದ್ರು. ನಾನು ಲಘುಕೋನ ಅಂತ ಬರ್ದೆ. ಸರಿ ಅಂದ್ರು. ಮತ್ತೆ ಒದ್ದೆ ಬಟ್ಟೆ ತಂದು ಅವರೇ ಒರಸಿದ್ರು. ಇವತ್ತಿಗೆ ಸಾಕು, ಮನೆಗೆ ಹೋಗಿ ಅಂದ್ರು."

ನಾನು ಅಷ್ಟರಿಂದ ಏನಾದರೂ ಆಗುತ್ತದೋ ಎಂದು ಎರಡು ದಿನ ರಸ್ತೆಯ ಕಡೆ ನೋಡಿದೆ. ಏನೂ ಆಗಲಿಲ್ಲ. ಸರಿ ಎಂದು ಹೇಳುವುದು ಅವರಿಗೆ ಗೊತ್ತಿತ್ತು. ಸರಿ ಮಾಡುವುದು ಬೇರೆ ಕೆಲಸ.

ಆ ಮೇಲೆ ಪ್ರತಿ ಸಲವೂ ಹಾಗೆಯೇ ದಾಟಿಸಿದೆವು. ವಾರಕ್ಕೆ ಎರಡು ಸಲ ಪಾಗಾರದ ಮೇಲಿಂದ ಎತ್ತಲಿಕ್ಕೆ ಬರುವ ಆಳುಗಳು ನಮಗೆಲ್ಲಿ? ಗಾಯದ ಮೇಲೆ ಗೋಣಿ ಸುತ್ತಿದೆವು, ಕಲ್ಲಿನ ಮೇಲೆ ಹಳೆಯ ಕಂಬಳಿ ಹಾಸಿದೆವು. ಆದರೂ ಗಾಯ ಮಾಯಲಿಲ್ಲ. ಕಪ್ಪಾಯಿತು, ವಾಸನೆ ಬಂತು. ಇವರಿಗೆ ತಡಮೆಯೆಂದರೆ ಹೆದರಿಕೆ ಹಿಡಿಯಿತು. ಡಯಾಲಿಸಿಸ್‌ನ ಹಿಂದಿನ ದಿನದಿಂದಲೇ ಊಟ ಬಿಡುತ್ತಿದ್ದರು. ಒಂದು ಬೆಳಿಗ್ಗೆ ಕುರ್ಚಿಗೆ ಕೂರಲಿಕ್ಕೆ ಒಪ್ಪಲಿಲ್ಲ.

"ನಾನು ಬರುವುದಿಲ್ಲ."

"ಬರದಿದ್ರೆ ಸಾಯ್ತೀರಿ."

"ಹೋದ್ರೂ ಸಾಯ್ತೇನೆ. ಇಲ್ಲಾದ್ರೆ ಮಂಚ ಉಂಟು. ಅಲ್ಲಿ ಆ ಸಂದಿನಲ್ಲಿ ಸಿಕ್ಕಿ ಊರಿನವರ ಎದುರು ಬೊಬ್ಬೆ ಹೊಡೀಬೇಕು."

ನಾನು ಸುಳ್ಳು ಸಮಾಧಾನ ಹೇಳುವವಳಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆ ಸಲ ತಪ್ಪಿತು. ಅದರ ನಂತರದ್ದೂ ತಪ್ಪಿತು. ಮೂರನೆಯ ಸಲಕ್ಕೆ ಅವರಿಗೆ ಬೇಡ ಎನ್ನಲಿಕ್ಕೂ ಉಸಿರು ಇರಲಿಲ್ಲ. ಆಟೋದವ ಇನ್ನಿಬ್ಬರನ್ನು ಕರೆದುಕೊಂಡು ಬಂದು ಪಾಗಾರದ ಮೇಲಿಂದಲೇ ಎತ್ತಿ ದಾಟಿಸಿದ. ಮೂಡುಬಿದಿರೆಯಲ್ಲಿ ಡಾಕ್ಟರು ಕಾಲು ನೋಡಿ, ವಿಷ ಮೈಗೆ ಏರಿದೆ ಎಂದರು. ಮಗಳು ಹಾಸ್ಟೆಲಿನಿಂದ ಏಪ್ರನ್ ಕಟ್ಟಿಕೊಂಡೇ ಓಡಿ ಬಂದಳು. ಮರುದಿನ ಬೆಳಿಗ್ಗೆ ಇವರು ತೀರಿಕೊಂಡರು. ಕೊನೆಯಲ್ಲಿ ಏನೂ ಹೇಳಲಿಲ್ಲ. ಜನ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಆಂಬುಲೆನ್ಸಿನಲ್ಲಿ ತಂದೆವು. ಹತ್ತು ಗಂಟೆಯ ಬಿಸಿಲು. ಸುದ್ದಿ ಮೊದಲೇ ಹೋಗಿತ್ತು. ರಸ್ತೆಯಲ್ಲಿ ಜನ ಸೇರಿದ್ದರು. ಮೊಮ್ಮಗಳು ಶಾಲೆಗೆ ಹೋಗದೆ ಪಾಗಾರದ ಹತ್ತಿರ ನಿಂತಿದ್ದಳು. ಮಾಸ್ಟ್ರೂ ಇದ್ದರು. ಅವರ ಪಕ್ಕದಲ್ಲಿ, ಹೊಸ ಮನೆಯ ಕೆಲಸದವನ ಕೈಯಲ್ಲಿ ಪಿಕ್ಕಾಸು. ಅದನ್ನು ಕಂಡ ಕೂಡಲೇ ನನಗೆ ಅರ್ಥವಾಯಿತು.

ನಮ್ಮಲ್ಲಿ ಹೆಣಕ್ಕೆ ದಾರಿ ಇಲ್ಲ ಎನ್ನುವ ಕ್ರಮ ಇಲ್ಲ. ಎಂಥ ಜಗಳ ಇದ್ದರೂ ಹೆಣಕ್ಕೆ ಬೇಲಿ ತೆಗೆಯುತ್ತಾರೆ. ತೆಗೆಯದಿದ್ದರೆ ಆ ಮನೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಅದರಲ್ಲೂ ಗೃಹಪ್ರವೇಶಕ್ಕೆ ದಿನ ಇಟ್ಟಾದ ಮನೆ. ಅದರ ಪಾಗಾರದ ಹೊರಗೆ ಹೆಣ ಕಾಯುವುದೆಂದರೆ ಮಾಸ್ಟ್ರಿಗೆ ಕಾಲ ಕೆಳಗೆ ಬೆಂಕಿ ಇಟ್ಟ ಹಾಗೆ. ಗಣಿತದವರಾದರೂ ಅವರೂ ಇದೇ ಊರಿನವರು.

"ಅಕ್ಕ, ಒಂದು ಗಳಿಗೆ. ನಾಲ್ಕು ಕಲ್ಲು ತೆಗೆಸ್ತೇನೆ," ಎಂದರು.

"ತೆಗೆಯುವುದು ಬೇಡ ಮಾಸ್ಟ್ರೇ. ತಡಮೆ ಉಂಟಲ್ಲ."

ಅವರಿಗೆ ನಾನು ಹೇಳಿದ್ದು ಕೇಳಲಿಲ್ಲ ಅಂತ ಕಾಣುತ್ತದೆ. ಇನ್ನೊಮ್ಮೆ ಹೇಳಿದೆ.

"ತಡಮೆಯಲ್ಲೇ ದಾಟಿಸುವ. ಜೀವ ಇದ್ದಾಗ ಅದರಲ್ಲೇ ದಾಟಿದ್ದಾರೆ. ಈಗ ಹೇಗೂ ನೋವಿಲ್ಲ, ಎಳೆದರೂ ಆಗ್ತದೆ."

"ಎಂತ ಮಾತು ಅಕ್ಕ ನಿಮ್ಮದು! ಹೆಣವನ್ನು ತಡಮೆಯಲ್ಲಿ ದಾಟಿಸುವುದುಂಟಾ ಎಲ್ಲಿಯಾದ್ರೂ?"

"ಇದು ಕಾಲುದಾರಿ ಅಲ್ವಾ? ಒಂದೇ ರೇಖೆ. ಅಗಲ ಇಲ್ಲ ಅಂತ ನೀವೇ ಹೇಳಿದ್ದು. ಇವತ್ತು ನಾಲ್ಕು ಕಲ್ಲಿನ ಅಗಲ ಎಲ್ಲಿಂದ ಬಂತು?"

ಯಾರೋ ಹಿಂದಿನಿಂದ, "ಹೆಂಗಸಿಗೆ ದುಃಖದಲ್ಲಿ ತಲೆ ಸರಿ ಇಲ್ಲ," ಎಂದರು. ನನ್ನ ತಲೆ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿ ಅದು ಯಾವತ್ತೂ ಇರಲಿಲ್ಲ.

ಆಂಬುಲೆನ್ಸಿನವ ಇಳಿದು ಬಂದ. "ಅಮ್ಮ, ಬೇಗ ಮಾಡಿ, ನನಗೆ ಇನ್ನೊಂದು ಕಡೆ ಹೋಗ್ಲಿಕ್ಕುಂಟು."

ಮಗಳು ನನ್ನ ಕೈ ಹಿಡಿದಳು. "ಅಮ್ಮಾ, ಅಪ್ಪ ಬಿಸಿಲಲ್ಲಿದ್ದಾರೆ. ಈ ಜಗಳ ನಾಳೆ ಮಾಡುವ."

"ನಾಳೆ ನನ್ನ ಕೈಯಲ್ಲಿ ಎಂತ ಉಂಟು? ನಾಳೆಗೆ ಇವರು ಬೂದಿ. ಇವತ್ತು ಇವರಿದ್ದಾರೆ."

ಅವಳು ಕೈ ಬಿಟ್ಟು ಹಿಂದೆ ಸರಿದಳು. ಅವಳು ಆವತ್ತು ನನ್ನನ್ನು ನೋಡಿದ ಹಾಗೆ ಮೊದಲು ಯಾವತ್ತೂ ನೋಡಿದ್ದಿಲ್ಲ. ಈಗಲೂ ಕೆಲವು ಸಲ ಹಾಗೆ ನೋಡುತ್ತಾಳೆ.

"ನಿಮಗೆ ಎಂತ ಬೇಕು ಅಕ್ಕ?" ಎಂದರು ಮಾಸ್ಟ್ರು. ಸ್ವರ ಇಳಿದಿತ್ತು.

"ತೆಗೆದ ಕಲ್ಲನ್ನು ಪುನಃ ಇಡುವುದಿಲ್ಲ ಅಂತ ಇವರೆಲ್ಲರ ಎದುರು ಹೇಳಿ. ಮತ್ತೆ ತೆಗೆಯಿರಿ."

"ಮಗನ ಹತ್ತಿರ ಒಂದು ಮಾತು..."

"ಕೇಳಿ. ಫೋನ್ ಮಾಡಿ. ನಾವು ಕಾಯ್ತೇವೆ. ಇವರಿಗೆ ಈಗ ಅವಸರ ಇಲ್ಲ."

ಮಾಸ್ಟ್ರು ಫೋನ್ ತೆಗೆದರು, ನೋಡಿದರು, ಪುನಃ ಕಿಸೆಗೆ ಹಾಕಿದರು. ದುಬೈಯಲ್ಲಿ ಮಗ ಎದ್ದು ಕೆಲಸಕ್ಕೆ ಹೋಗಿರಬಹುದು. ಅಥವಾ ಅವನಿಗೆ ಏನೆಂದು ಹೇಳುವುದೆಂದು ಮಾಸ್ಟ್ರಿಗೆ ಗೊತ್ತಾಗಲಿಲ್ಲ. ಬಿಸಿಲಿಗೆ ಆಂಬುಲೆನ್ಸಿನ ಒಳಗಿನಿಂದ ಆ ಕಾಲಿನ ವಾಸನೆ ಹೊರಗೆ ಬರಲಿಕ್ಕೆ ಶುರುವಾಯಿತು. ಹತ್ತಿರ ನಿಂತವರು ಮೂಗಿಗೆ ಬಟ್ಟೆ ಹಿಡಿದು ಹಿಂದೆ ಹೋದರು. ಮಾಸ್ಟ್ರು ಮಾತ್ರ ನಿಂತಲ್ಲೇ ನಿಂತರು. ಆ ವಾಸನೆ ಎಲ್ಲಿಂದ ಬಂದದ್ದೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

"ಇಡುವುದಿಲ್ಲ," ಎಂದರು.

"ಗಟ್ಟಿಯಾಗಿ."

"ತೆಗೆದ ಕಲ್ಲು ಪುನಃ ಇಡುವುದಿಲ್ಲ. ಸಾಕಾ?"

"ಎಷ್ಟು ಅಗಲ?"

"ಸ್ಟ್ರೆಚರ್ ಬರುವಷ್ಟು."

"ಆಟೋ ಬರುವಷ್ಟು."

ಆಟೋದವ ಯಾರೂ ಹೇಳುವ ಮೊದಲೇ ಹೋಗಿ ತನ್ನ ಆಟೋ ಚಾಲೂ ಮಾಡಿ, ರಸ್ತೆಯಿಂದ ತಿರುಗಿಸಿ, ಮೂತಿಯನ್ನು ಪಾಗಾರಕ್ಕೆ ತಾಗಿಸಿ ನಿಲ್ಲಿಸಿದ. ಕೆಳಗೆ ಬಿದ್ದಿದ್ದ ಸಿಮೆಂಟಿನ ತುಂಡಿನಿಂದ ಆಟೋದ ಆ ಬದಿಗೊಂದು, ಈ ಬದಿಗೊಂದು ಗೆರೆ ಎಳೆದ. ಕೆಂಪುಕಲ್ಲಿನ ಮೇಲೆ ಎರಡು ಬಿಳಿ ಗೆರೆ. ಆಟೋ ಹಿಂದೆ ತೆಗೆದ. ಎಲ್ಲರೂ ಮಾಸ್ಟ್ರ ಮುಖ ನೋಡಿದರು. ಅವರು ಆ ಎರಡು ಗೆರೆಗಳನ್ನು ನೋಡುತ್ತಿದ್ದರು, ಮಕ್ಕಳು ಬರೆದದ್ದನ್ನು ತಿದ್ದುವಾಗ ನೋಡುವ ಹಾಗೆ. ಮತ್ತೆ ಕೆಲಸದವನ ಕೈಯಿಂದ ಪಿಕ್ಕಾಸು ತೆಗೆದುಕೊಂಡು ಮೊದಲಿನ ಪೆಟ್ಟು ತಾವೇ ಹಾಕಿದರು. ಕೈಯಲ್ಲಿ ಬಲ ಇರಲಿಲ್ಲ, ಸ್ವಲ್ಪ ಹುಡಿ ಉದುರಿತು ಅಷ್ಟೆ. ಉಳಿದದ್ದನ್ನು ಕೆಲಸದವ ಒಡೆದ. ತಡಮೆ ಮೊದಲು ಹೋಯಿತು.

ಇವರು ಆ ದಾರಿಯಲ್ಲಿ ಮಲಗಿಕೊಂಡು ಬಂದರು. ಯಾವ ಕಲ್ಲಿಗೂ ತಾಗಲಿಲ್ಲ.

ಊರಿನಲ್ಲಿ ಎರಡು ಮಾತು ಉಂಟು. ಹೆಣ ಇಟ್ಟುಕೊಂಡು ದಾರಿ ಕೇಳಿದ ಹೆಂಗಸು ಎಂದು ಕೆಲವರು. ಮಾಡಿದ್ದು ಸರಿ ಎಂದು ಕೆಲವರು. ಮೊದಲಿನವರು ಹೇಳುವುದು ಸುಳ್ಳಲ್ಲ. ನನ್ನ ಕೈಯಲ್ಲಿ ಬೇರೇನಿತ್ತು? ನಕ್ಷೆ ಅವರ ಕಡೆ, ಪುಸ್ತಕವೂ ಅವರ ಕಡೆ. ಆದರೆ ಗೆದ್ದೆ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಈಗ ಆಟೋ ಅಂಗಳದವರೆಗೆ ಬರುತ್ತದೆ. ಅದರಲ್ಲಿ ಹೋಗಬೇಕಾದವರಿಲ್ಲ. ಸೊಸೈಟಿಯ ಅಕ್ಕಿ ಬರುತ್ತದೆ, ಬೀಡಿಯ ಎಲೆ ಬರುತ್ತದೆ. ಕೆಂಪು ಕುರ್ಚಿ ಕೊಟ್ಟಿಗೆಯಲ್ಲಿದೆ, ಅದರಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಮುಂದೆ ಯಾವಾಗಲಾದರೂ ನನಗೆ ಅದೇ ಕುರ್ಚಿ, ಅದೇ ದಾರಿ. ಆಗ ನನ್ನ ಮೊಮ್ಮಗಳು ಯಾರ ಜಗಲಿಗೂ ಹೋಗಿ ಬೇಡಬೇಕಾಗಿಲ್ಲ. ನಾನು ಕೇಳಿದ್ದು ಅಷ್ಟಕ್ಕೆ.

ಮಾಸ್ಟ್ರು ಮಾತು ಉಳಿಸಿದ್ದಾರೆ. ಮಗ ಬಂದ, ಗೃಹಪ್ರವೇಶ ಆಯಿತು, ಜೋರು ಜಗಳವೂ ಆಯಿತೆಂದು ಕೇಳಿದ್ದೇನೆ. ಕಲ್ಲು ಮಾತ್ರ ಪುನಃ ಬರಲಿಲ್ಲ. ಒಡೆದ ಕಡೆಯನ್ನು ಅವರು ಗಾರೆ ಮಾಡಿಸಿಲ್ಲ, ನಾನೂ ಹೇಳಿಲ್ಲ. ಎರಡೂ ಬದಿಯಲ್ಲಿ ಕಲ್ಲು ಹಲ್ಲಿನ ಹಾಗೆ ನಿಂತಿದೆ.

ಹದಿಮೂರನೆಯ ದಿನದ ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆದ ಮೇಲೆ ಮೊಮ್ಮಗಳಿಗೆ, "ನಾಳೆಯಿಂದ ಪಾಠಕ್ಕೆ ಹೋಗು," ಎಂದೆ.

"ಅವರ ಮನೆಗೆ ನಾನು ಹೋಗುವುದಿಲ್ಲ."

"ಅವರಿಗಿಂತ ಚೆನ್ನಾಗಿ ಕಲಿಸುವವರು ಹತ್ತಿರದಲ್ಲಿ ಯಾರಿದ್ದಾರೆ? ಹೋಗು. ಎಲ್ಲ ವ್ಯಾಖ್ಯೆಯನ್ನೂ ಕಲಿ. ಒಂದೂ ಬಿಡಬೇಡ. ಗೊತ್ತಿಲ್ಲದಿದ್ರೆ ನಾಳೆ ಯಾರಾದ್ರೂ ನಿನ್ನ ದಾರಿಗೂ ಅಗಲ ಇಲ್ಲ ಅಂತ ಹೇಳ್ತಾರೆ."

ಹೋದಳು. ಈಗಲೂ ಹೋಗುತ್ತಾಳೆ. ಮಾಸ್ಟ್ರು ಅವಳ ಹತ್ತಿರ ಪಾಠ ಬಿಟ್ಟು ಬೇರೇನೂ ಮಾತಾಡುವುದಿಲ್ಲವಂತೆ. ನಾನೂ ಅವರೂ ದಾರಿಯಲ್ಲಿ ಎದುರಾದರೆ ಅವರು ಬದಿಗೆ ನಿಲ್ಲುತ್ತಾರೆ. ಈಗ ಬದಿಗೆ ನಿಲ್ಲುವಷ್ಟು ಜಾಗ ಉಂಟು.

ಸಂಜೆ ಮೆಟ್ಟಿಲಲ್ಲಿ ಕೂತು ಅವಳು ಮೊದಲಿನ ಹಾಗೆಯೇ ಬಾಯಿಬಿಟ್ಟು ಓದುತ್ತಾಳೆ. "ಸಮಾಂತರ ರೇಖೆಗಳು. ಒಂದೇ ಸಮತಲದಲ್ಲಿದ್ದು, ಎಷ್ಟು ದೂರ ಹೋದರೂ ಒಂದನ್ನೊಂದು ಸೇರುವುದಿಲ್ಲ. ಅವುಗಳ ನಡುವಿನ ಅಂತರ ಎಲ್ಲ ಕಡೆಯೂ ಒಂದೇ."

ಅಷ್ಟು ಓದಿ ನಿಲ್ಲಿಸುತ್ತಾಳೆ. ಒಳಗಿನಿಂದ ಯಾರಾದರೂ ಏನಾದರೂ ಹೇಳಲಿಕ್ಕೆ ಬೇಕಾಗುವಷ್ಟು ಹೊತ್ತು. ಅದು ಅವಳಿಗೆ ಅಭ್ಯಾಸವಾಗಿ ಹೋಗಿದೆ.

"ಮುಂದೆ ಓದು," ಎನ್ನುತ್ತೇನೆ ನಾನು.